ಏಕವಚನ

ಗೀಲಾಂಗಿನ ಕಡಲ ದಂಡೆಯಲ್ಲಿ ಕಾರು ನಿಲ್ಲಿಸಿ
ಕಿಟಕಿ ಏರಿಸಿ ಕೂತಿದ್ದೇನೆ, ಕಿವಿಯಲ್ಲಿ ಫೋನು.
ದುಭಾಷಿಗೆ ಇಷ್ಟು ಸಾಕು: ಸದ್ದಿಲ್ಲದ ಜಾಗ, ಎರಡು ಭಾಷೆ,
ಮತ್ತು ತನ್ನದಲ್ಲದ ಒಂದು ‘ನಾನು’.

ಅದು ನಿಯಮ. ಅವರು ನಾನು ಅಂದರೆ ನಾನೂ ನಾನು ಅನ್ನಬೇಕು,
‘ಈಕೆ ಹೀಗನ್ನುತ್ತಿದ್ದಾಳೆ’ ಅನ್ನುವಂತಿಲ್ಲ.
ಹದಿನಾಲ್ಕು ವರ್ಷದಲ್ಲಿ ನನಗೆ ಎಷ್ಟೋ ಸಲ ಸಕ್ಕರೆ ಕಾಯಿಲೆ ಬಂದಿದೆ,
ಬಾಡಿಗೆ ಬಾಕಿಯಾಗಿದೆ,
ಒಮ್ಮೆ ಅವಳಿ ಮಕ್ಕಳೂ ಆಗಿದ್ದಾವೆ.

ಇವತ್ತಿನ ಕರೆ: ಕನ್ನಡ, ಹೆಂಗಸು, ಹೆಸರು ಬೇಡ.
ಹಿಂದೆ ಬಟ್ಟೆ ಒಗೆಯುವ ಮೆಷಿನ್ನಿನ ಗುಡುಗುಡು.
ಬೇಕೆಂದೇ ಹಾಕಿದ್ದಾಳೆ.
‘ಇನ್ನ ಇಪ್ಪತ್ತೆರಡು ನಿಮಿಷ ಐತ್ರಿ.
ರಾತ್ರಿ ಪಾಳಿ ಮುಗಿಸಿ ಬಂದು ಮ್ಯಾಲ ಮಲಗ್ಯಾರ್ರಿ.’
ಗದಗಿನ ಕಡೆಯ ಮಾತು. ವಾಕ್ಯದ ತುದಿಗೆಲ್ಲ ಒಂದು ‘ರಿ’,
ತಲೆ ಮೇಲೆ ಸೆರಗು ಎಳೆದುಕೊಂಡಂತೆ.

‘ನಮ್ಮನಿಯವ್ರು ಒಮ್ಮೊಮ್ಮೆ ಕೈ ಮಾಡ್ತಾರ್ರಿ.’

ನನ್ನ ಇಂಗ್ಲಿಷಿನಲ್ಲಿ ಮೊದಲು ಮನೆ ಬಿತ್ತು:
ನಮ್ಮ ಮನೆಯವರು ಬರೀ ಗಂಡನಾದ.
ಆಮೇಲೆ ಬಹುವಚನ ಬಿತ್ತು.
ಕೈ ಮಾಡುವುದು ಗಂಟಲಲ್ಲಿ ಒಂದು ಗಳಿಗೆ ನಿಂತು ಹೊರಬಂತು:
ನನ್ನ ಗಂಡ ನನಗೆ ಹೊಡೆಯುತ್ತಾನೆ.
ಹೇಳಿದ್ದು ನನ್ನ ದನಿ.
ಗಾಜಿನಾಚೆ ಒಬ್ಬ ಅಜ್ಜ ಸೀಗಲ್ಲುಗಳಿಗೆ ಚಿಪ್ಸ್ ಎಸೆಯುತ್ತಿದ್ದ.

ಆ ಕಡೆ ಬ್ರಾನ್ವಿನ್. ಅವಸರವಿಲ್ಲದವಳು.
ಒಮ್ಮೊಮ್ಮೆ ಅಂದರೆ ಎಷ್ಟು ದಿನಕ್ಕೊಮ್ಮೆ?
ದುಡ್ಡು ಯಾರ ಕೈಯಲ್ಲಿರುತ್ತದೆ? ಪಾಸ್‌ಪೋರ್ಟ್?
ಕುತ್ತಿಗೆ ಹಿಡಿದದ್ದುಂಟೇ?
ಅವಳು ‘ಅವನು’ ಅಂದಲ್ಲೆಲ್ಲ ನಾನೇ ‘ಅವರು’ ಅಂತ ಮರ್ಯಾದೆ ಹಚ್ಚುತ್ತೇನೆ,
ಕೈ ತಾನಾಗಿ ಒಗ್ಗರಣೆಗೆ ಇಂಗು ಹಾಕುವ ಹಾಗೆ.
‘ಹೂಂ.’ ‘ಅವರ ಕಡೇನ.’ ‘ಗೊತ್ತಿಲ್ರಿ.’
ಕುತ್ತಿಗೆಯ ಪ್ರಶ್ನೆಗೆ ಮೆಷಿನ್ನು ಮಾತ್ರ ತಿರುಗಿತು.
ಅದನ್ನು ನಾನು ಅನುವಾದಿಸಲಿಲ್ಲ.
ಬ್ರಾನ್ವಿನ್ ಬರೆದುಕೊಂಡದ್ದು ಕೇಳಿಸಿತು.

‘ನಮ್ಮವ್ವಗ ಹೇಳಿದ್ದೆ. ಗಂಡ ಹೆಂಡರ ಜಗಳ
ಉಂಡು ಮಲಗೂತನಕ ಅಂದ್ಲು.’
ಗಾದೆಗೆ ಗಾದೆ ಹುಡುಕಲು ಪುರಸೊತ್ತಿಲ್ಲ,
ಇದ್ದ ಹಾಗೇ ದಾಟಿಸಿಬಿಟ್ಟೆ: ಊಟ, ನಿದ್ದೆ, ಅಲ್ಲಿಯ ತನಕ.
ಅದು ಗಾದೆಯೆಂದು ತಿಳಿಯದ ಬ್ರಾನ್ವಿನ್ ನಿಜಕ್ಕೂ ಕೇಳಿದಳು:
ಆ ರಾತ್ರಿ ನೀವು ಊಟ ಮಾಡಿದಿರಾ? ಮಲಗಿದಿರಾ?

ಇಷ್ಟು ತಲೆಮಾರಿನಿಂದ ಹೇಳುತ್ತ ಬಂದವರು
ಯಾರೂ ಕೇಳಿರಲಿಲ್ಲ ಇದನ್ನು.

‘ಇಲ್ರಿ. ಮಗಳನ್ನ ಕರ್ಕೊಂಡು ಬಚ್ಚಲದಾಗ ಕುಂತಿದ್ದೆ.
ಚಿಲಕ ಹಾಕ್ಕೊಂಡು. ಬೆಳಗಿನ ಮಟ.’
ಬಚ್ಚಲಲ್ಲಿ ಕೂತಿದ್ದೆ, ಅಂದೆ ನಾನು. ಬೆಳಗಿನವರೆಗೆ.

ಬ್ರಾನ್ವಿನ್ ಆಡಿದ್ದು ಮೂರೇ ಪದ.
ಅವು ಕನ್ನಡಕ್ಕೆ ಬರುವಾಗ
ನಿಯಮಕ್ಕೂ ನನಗೂ ತಕರಾರೇ ಇರಲಿಲ್ಲ:
‘ನಾನು ನಿಮ್ಮ ಮಾತು ನಂಬುತ್ತೇನೆ.’

ಮುಂದಿನದೆಲ್ಲ ಬೇಗ ಬೇಗ. ವಿಳಾಸ ಯಾರಿಗೂ ಕೊಡದ ಒಂದು ಮನೆಯಿದೆ,
ಮಗುವಿಗೂ ಮಂಚವಿದೆ. ವೀಸಾದ ಹೆದರಿಕೆಗೆ ವಕೀಲೆಯಿದ್ದಾಳೆ, ಫೀಸಿಲ್ಲ.
ಬ್ಯಾಗು ಕಟ್ಟಿಡಬೇಡಿ, ಕಣ್ಣಿಗೆ ಬೀಳುತ್ತದೆ.
ಮಂಗಳವಾರ ಮಗಳನ್ನು ಬಿಡಲು ಹೋದಾಗ
ಶಾಲೆಯ ಆಫೀಸಿನಿಂದಲೇ ಫೋನು ಮಾಡಿ.
ಅಷ್ಟರೊಳಗೆ ಏನೇ ಆದರೂ ಪೊಲೀಸರಿಗೆ, ಮೂರು ಸೊನ್ನೆ.
‘ಸೊನ್ನಿ ಸೊನ್ನಿ ಸೊನ್ನಿ,’ ಅವಳು ಒಪ್ಪಿಸಿದಳು,
ಮಗ್ಗಿ ಹೇಳುವ ಹುಡುಗಿಯಂತೆ.

ಮೆಷಿನ್ನು ಜೋರಾಗಿ ಹಿಂಡತೊಡಗಿತು.
‘ಅವರು ಏಳೂ ಹೊತ್ತಾತ್ರಿ...’
ತಡೆದಳು. ಉಸಿರು.
‘ಅವ ಏಳ್ತಾನ. ಇಡ್ತೀನಿ.’

ಅವರು ಹೋಗಿ ಅವ. ‘ರಿ’ ಕೂಡ ಇಲ್ಲ.
ಇಂಗ್ಲಿಷಿನಲ್ಲಿ ಎರಡಕ್ಕೂ ಒಂದೇ ಪದ,
ಬ್ರಾನ್ವಿನ್‌ಗೆ ಏನೂ ಬದಲಾದದ್ದು ಕೇಳಿಸಲಿಲ್ಲ.
ಹೇಳಲೇ, ಈಗೊಂದು ಸಂಗತಿ ನಡೆಯಿತು ಎಂದು?
ಅದಕ್ಕೆ ನಿಯಮದಲ್ಲಿ ಜಾಗವಿಲ್ಲ. ಪದವಷ್ಟೇ ದಾಟಿಸಿದೆ.

ಕರೆಯ ಸಂಖ್ಯೆ ಬರೆದು, ಇಪ್ಪತ್ತೊಂದು ನಿಮಿಷ ಎಂದು ನಮೂದಿಸಿದೆ.
ಚಿಪ್ಸ್ ಮುಗಿದು ಅಜ್ಜ ಕಾಗದ ಮಡಿಸುತ್ತಿದ್ದ.
ಏರಿಸಿದ ಗಾಜಿನೊಳಗೆ, ಒಬ್ಬಳೇ, ಸ್ವಲ್ಪ ಗಟ್ಟಿಯಾಗಿ
‘ಅವನು’ ಅಂದು ನೋಡಿದೆ.
ನನ್ನ ಬಾಯಿಗೂ ಅದು ಹೊಸದು.